ಹಾರಂಗಿ ಹಿನ್ನೀರಿನಲ್ಲಿ ವೇಕ್‌ಬೋಟಿನ ಬ್ಯಾಲಸ್ಟ್ ಹೆಚ್ಚಿಸಿದ ಬಗೆ

ವೇಕ್‌ಬೋರ್ಡಿಂಗ್ ಎಂದರೆ ಬೋಟಿನ ಹಿಂದೆ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು, ಬೋಟು ಎಬ್ಬಿಸುವ ಅಲೆಯಲ್ಲಿ ಜಾರುವ ಆಟ. ಆ ಅಲೆ ದೊಡ್ಡದಾಗಲೆಂದು ಬೋಟಿನೊಳಗೆ ತುಂಬುವ ನೀರಿನ ಭಾರವೇ ಬ್ಯಾಲಸ್ಟ್. ಅದನ್ನು ಹೆಚ್ಚಿಸುವುದೆಂದರೆ ದೊಡ್ಡ ಚೀಲ ತಂದು ಸೀಟಿನಡಿ ಹಾಸುವುದು ಎಂದು ಹಲವರು ತಿಳಿದಿದ್ದಾರೆ. ಚೀಲ ಹಾಸುವುದು ಅರ್ಧ ದಿನದ ಕೆಲಸ. ಉಳಿದ ದಿನಗಳೆಲ್ಲ ಹೋಗುವುದು ನೀರು ಒಳಬರುವ ದಾರಿಗೆ, ಪೂರ್ತಿ ಹೊರಹೋಗುವ ದಾರಿಗೆ, ಪಂಪಿಗೆ ಸಿಗುವ ವೋಲ್ಟೇಜಿಗೆ, ಕೊನೆಗೆ ಅಷ್ಟು ಭಾರ ತಳ್ಳುವ ಪ್ರೊಪೆಲ್ಲರಿಗೆ. ಕುಶಾಲನಗರದ ಶೆಡ್ಡಿನಲ್ಲಿ 21 ಅಡಿಯ ವಿ-ಡ್ರೈವ್ (ಎಂಜಿನ್ ಹಿಂಬದಿಯಲ್ಲಿರುವ) ಬೋಟಿಗೆ ಈ ಕೆಲಸ ಮಾಡಿ, ಅನುಮತಿ ಪಡೆದು ಹಾರಂಗಿ ಹಿನ್ನೀರಿನಲ್ಲಿ ಓಡಿಸಿ ನೋಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಲೆಕ್ಕ. ಒಂದು ಲೀಟರ್ ನೀರು ಒಂದು ಕೆ.ಜಿ. ಚೀಲದ ಮೇಲೆ ಪೌಂಡಿನಲ್ಲಿ ಬರೆದಿರುತ್ತದೆ. 750 ಪೌಂಡಿನ ಚೀಲವೆಂದರೆ 340 ಕೆ.ಜಿ. ಬೋಟಿನಲ್ಲಿ ಮೊದಲು ಇದ್ದದ್ದು 150 ಲೀಟರಿನ ಮೂರು ಗಟ್ಟಿ ಟ್ಯಾಂಕ್, ಒಟ್ಟು 450 ಕೆ.ಜಿ. ನಡುವಿನದನ್ನು ಹಾಗೇ ಬಿಟ್ಟು, ಹಿಂದಿನ ಎರಡನ್ನು ತೆಗೆದು ಆ ಜಾಗಕ್ಕೆ 340ರ ಎರಡು ಚೀಲ, ಮುಂದಿನ ಸೀಟಿನಡಿ 160 ಕೆ.ಜಿ.ಯ ಇನ್ನೊಂದು ಚೀಲ ಹಾಕಿದೆ. ಈಗ 990 ಕೆ.ಜಿ. ನಮ್ಮ ಬೋಟಿನ ಸಾಮರ್ಥ್ಯದ ಫಲಕದಲ್ಲಿ ಜನ, ಸಾಮಾನು, ಬ್ಯಾಲಸ್ಟ್ ಎಲ್ಲ ಸೇರಿ 1,360 ಕೆ.ಜಿ. ಎಂದಿದೆ. ನಾಲ್ಕು ಜನರಿಗೆ 300 ಹಿಡಿದರೆ 1,290 ಆಯಿತು. ಲೈಫ್ ಜಾಕೆಟ್, ಬೋರ್ಡು, ಹಗ್ಗ ಉಳಿದ 70ರಲ್ಲಿ ಮುಗಿಯಬೇಕು. ಆರು ಜನ ಹತ್ತಿದರೆ ಮುಂದಿನ ಚೀಲ ಪೂರ್ತಿ ಖಾಲಿ. ಅರ್ಧ ತುಂಬಿಸುವ ಮಾತೇ ಬೇಡ. ಅರ್ಧ ತುಂಬಿದ ಚೀಲದ ನೀರು ತಿರುವಿನಲ್ಲಿ ಒಂದೇ ಬದಿಗೆ ನುಗ್ಗಿ ಬೋಟನ್ನು ವಾಲಿಸುತ್ತದೆ.

ಭಾರವನ್ನೆಲ್ಲ ಹಿಂದೆ ಹಾಕಿದರೆ ಅಲೆ ಕಡಿದಾಗಿ ಏಳುತ್ತದೆ, ನಿಜ. ಆದರೆ ಬೋಟಿನ ಮೂತಿ ಮೇಲೆದ್ದು ಓಡಿಸುವವರಿಗೆ ಮುಂದಿನ ನೀರು ಕಾಣುವುದಿಲ್ಲ. ಮುಂದೆ ಸ್ವಲ್ಪ ಭಾರವಿದ್ದರೆ ಅಲೆ ಉದ್ದವಾಗಿ, ಹತ್ತಲು ಹದವಾಗಿ ಬರುತ್ತದೆ. ವೇಕ್‌ಬೋರ್ಡಿನ ವೇಗ ಗಂಟೆಗೆ 30ರಿಂದ 37 ಕಿ.ಮೀ. ನಮ್ಮ ಬೋಟಿನ ಅಲೆ 34ರಲ್ಲಿ ಚೊಕ್ಕವಾಗಿ ನಿಂತಿತು.

ತಳಕ್ಕೆ ತೂತು ಕೊರೆಯುವಾಗ ಆತುರ ಕೂಡದು. ಪ್ರತಿ ಚೀಲಕ್ಕೂ ಬೇರೆ ದಾರಿ ಕೊಟ್ಟೆ: 1 ಇಂಚಿನ ಕಂಚಿನ ಥ್ರೂ-ಹಲ್ (ತಳದ ತೂತಿನಲ್ಲಿ ಕೂರುವ ಕೊಳವೆ), ಅದರ ಮೇಲೆಯೇ ಕಂಚಿನ ಬಾಲ್ ವಾಲ್ವ್. ನೀರಿನ ಮಟ್ಟದ ಕೆಳಗೆ ಪ್ಲಾಸ್ಟಿಕ್ ಬೇಡವೇ ಬೇಡ. ಒಳಗಿನಿಂದ ಸಣ್ಣ ಬಿಟ್ಟಿನಲ್ಲಿ ಗುರುತಿನ ತೂತು ಹಾಕಿ, ಹೊರಗೆ ಮಾಸ್ಕಿಂಗ್ ಟೇಪ್ ಅಂಟಿಸಿ, 35 ಮಿ.ಮೀ. ಹೋಲ್‌ಸಾ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ಹೊರಗಿನಿಂದ ಇಳಿಸಬೇಕು. ಬೋಟಿನ ಹೊರಮೈಯ ನುಣುಪು ಪದರವಾದ ಜೆಲ್‌ಕೋಟ್ ಕಡಿಯುವವರೆಗೆ ಡ್ರಿಲ್ ಉಲ್ಟಾ ತಿರುಗಲಿ. ಸೀದಾ ತಿರುಗಿಸಿದರೆ ಅಂಚು ಚಕ್ಕೆ ಏಳುತ್ತದೆ. ಕೊರೆದ ಅಂಚಿಗೆ ಎಪಾಕ್ಸಿ ಬಳಿದು, ಒಣಗಿದ ಮೇಲೆ ಬೋಟಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್ ಹಾಕಿ ಬಿಗಿಯಬೇಕು. ಎಂಜಿನ್ ತಂಪಿಗೆ ನೀರೆಳೆಯುವ ಬಾಯಿಯ ಮುಂದೆ, ಪ್ರೊಪೆಲ್ಲರಿನ ನೇರಕ್ಕೆ ತೂತು ಬರಬಾರದು. ಅಲ್ಲೆದ್ದ ಗುಳ್ಳೆ ಸೀದಾ ಹಿಂದಕ್ಕೆ ಹೋಗುತ್ತದೆ.

ಪಂಪಿನಲ್ಲಿ ಎರಡು ಜಾತಿ. ಸೆಂಟ್ರಿಫ್ಯೂಗಲ್ ಪಂಪ್ ಅಗ್ಗ, ಮರಳಿಗೆ ಜಗ್ಗುವುದಿಲ್ಲ, ಆದರೆ ತಾನಾಗಿ ನೀರೆಳೆಯುವುದಿಲ್ಲ. ಹೂಮಳೆ ಕೈಕೊಟ್ಟ ವರ್ಷ ಕೆರೆಯಿಂದ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದವರಿಗೆಲ್ಲ ಏರ್ ಲಾಕ್, ಅಂದರೆ ಪೈಪಿನಲ್ಲಿ ಗಾಳಿ ಸಿಕ್ಕಿ ಪಂಪ್ ನೀರೆಳೆಯದೆ ನಿಲ್ಲುವುದು, ಏನೆಂದು ಗೊತ್ತು. ಇಲ್ಲಿಯೂ ಅದೇ ಕಾಟ. ಜೊತೆಗೆ ತುಂಬಲು ಒಂದು, ಖಾಲಿ ಮಾಡಲು ಒಂದು ಎಂದು ಪ್ರತಿ ಚೀಲಕ್ಕೆ ಎರಡು ಪಂಪ್ ಬೇಕು. ರಬ್ಬರ್ ಇಂಪೆಲ್ಲರಿನ (ರೆಕ್ಕೆಗಳಿರುವ ಚಕ್ರದ) ಪಂಪ್ ಎರಡೂ ಕಡೆ ತಿರುಗುತ್ತದೆ, ತಾನೇ ನೀರೆಳೆಯುತ್ತದೆ; ನೀರಿಲ್ಲದೆ ಅರ್ಧ ನಿಮಿಷ ತಿರುಗಿದರೂ ರೆಕ್ಕೆ ಸುಡುತ್ತದೆ. ಮುಂಗಾರಿನ ಕೆಂಪು ನೀರಿನಲ್ಲಿ ಅದು ಬೇಗ ಸವೆಯುತ್ತದೆ ಎಂಬುದೂ ದಿಟ. ನಾವು ಬೋಟು ಇಳಿಸುವುದು ಅಕ್ಟೋಬರ್ ನಂತರ, ನೀರು ತಿಳಿಯಾದ ಮೇಲೆ. ಹಾಗಾಗಿ ಇಂಪೆಲ್ಲರ್ ಪಂಪನ್ನೇ ಆರಿಸಿ, ಪ್ರತಿಯೊಂದಕ್ಕೂ ಟೈಮರ್ ಹಾಕಿದೆ. ಹೊಸ ಇಂಪೆಲ್ಲರ್ ಕೂರಿಸುವಾಗ ಗ್ಲಿಸರಿನ್ ಇಲ್ಲವೇ ಸೋಪಿನ ನೀರು ಸವರಿ. ಗ್ರೀಸ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ.

ಗಾಳಿ ಹೋಗುವ ದಾರಿಯೇ ಇಡೀ ಕೆಲಸದ ಮರ್ಮ. ಚೀಲದ ಮೇಲ್ತುದಿಯಿಂದ ವೆಂಟ್ ಪೈಪು ಆದಷ್ಟು ಮೇಲಕ್ಕೆ ಏರಿ, ಅಲ್ಲಿಂದ ತಗ್ಗಿಲ್ಲದೆ ಬೋಟಿನ ಪಕ್ಕದ ತೂತಿಗೆ ಬರಬೇಕು. ಅಲ್ಲಿಂದ ನೀರು ಚಿಮ್ಮಿದರೆ ಚೀಲ ತುಂಬಿದೆ ಎಂದರ್ಥ. ಆ ಪೈಪು ಒಂದು ಕಡೆ ಮಡಚಿಕೊಂಡರೂ ಸಾಕು, ಇಂಪೆಲ್ಲರ್ ಪಂಪ್ ಒತ್ತುತ್ತಲೇ ಇರುತ್ತದೆ. ಮೊದಲ ಪರೀಕ್ಷೆಯಲ್ಲಿ ಎಡಚೀಲದ ವೆಂಟ್ ಸೀಟಿನ ಕಬ್ಬಿಣದ ಪಟ್ಟಿಯಡಿ ಚಪ್ಪಟೆಯಾಗಿತ್ತು. ಒಂಬತ್ತನೇ ನಿಮಿಷಕ್ಕೆ ಸೀಟಿನ ಹಲಗೆ ಎರಡು ಬೆರಳು ಮೇಲೆದ್ದು ನಾಲ್ಕು ಸ್ಕ್ರೂ ಕಿತ್ತು ಬಂದವು. ಚೀಲ ಇನ್ನೂ ಉಬ್ಬುತ್ತಿತ್ತು. ಅದರ ಪಕ್ಕದಲ್ಲೇ ಪೆಟ್ರೋಲ್ ಪೈಪು ಹಾದಿತ್ತು. ಆಮೇಲೆ ಪೆಟ್ರೋಲ್ ಪೈಪು, ಸ್ಟೀರಿಂಗ್ ಕೇಬಲ್, ವೈರಿನ ಕಟ್ಟು ಇರುವಲ್ಲೆಲ್ಲ 12 ಮಿ.ಮೀ. ಮೆರೈನ್ ಪ್ಲೈಯ ತಡೆ ನಿಲ್ಲಿಸಿ, ವೆಂಟಿಗೆ ಒಳಗೆ ತಂತಿಯಿರುವ ಹೋಸನ್ನೇ ಹಾಕಿದೆ.

ಖಾಲಿ ಮಾಡುವಾಗ ತೊಂದರೆ ಬೇರೆ. ವೆಂಟಿನಿಂದ ಗಾಳಿ ಒಳಬಂದರೆ, ಇನ್ನೂ ಎರಡು ಕೊಡ ನೀರಿರುವಾಗಲೇ ಪಂಪ್ ಗಾಳಿ ಎಳೆಯತೊಡಗುತ್ತದೆ. ವೆಂಟಿನ ಸಾಲಿನಲ್ಲಿ ಹೊರಕ್ಕೆ ಮಾತ್ರ ಬಿಡುವ ಚೆಕ್ ವಾಲ್ವ್ ಹಾಕಿದರೆ ಚೀಲ ಒಣಗಿದ ಹಣ್ಣಿನಂತೆ ಮುದುಡಿ, ಕೊನೆಯ ನೀರೂ ಹೋಗುತ್ತದೆ. ಹೀಗೆ ಮುದುಡುವಾಗ ಬಟ್ಟೆ ಕೆಳಬಾಯಿಗೆ ಅಂಟಿ ದಾರಿ ಮುಚ್ಚುವುದುಂಟು. ಅದಕ್ಕೆ ಬಾಯಿಯೊಳಗೆ ಸುತ್ತಲೂ ತೂತು ಹಾಕಿದ, ಅಂಚು ಉಜ್ಜಿ ನುಣುಪು ಮಾಡಿದ ಗೇಣುದ್ದದ ಪೈಪು ಕೂರಿಸಿದೆ.

ವೈರಿಂಗ್ ವಿಷಯಕ್ಕೆ ಬಂದರೆ, ಹಳೆಯ ವೈರು 2.5 ಚದರ ಮಿ.ಮೀ. ಬ್ಯಾಟರಿಯಿಂದ ಡ್ಯಾಶಿನ ಸ್ವಿಚ್ಚಿಗೆ ಹೋಗಿ ಪಂಪಿಗೆ ಮರಳುವಾಗ ತಾಮ್ರದ ದಾರಿ ಒಟ್ಟು 10 ಮೀಟರ್. 15 ಆಂಪಿಯರಿಗೆ ಅದರಲ್ಲೇ 1 ವೋಲ್ಟ್ ಕಳೆದುಹೋಗುತ್ತಿತ್ತು, 340 ಲೀಟರ್ ತುಂಬಲು 14 ನಿಮಿಷ ಹಿಡಿಯುತ್ತಿತ್ತು. ಮೂರೂ ಪಂಪನ್ನು ಬ್ಯಾಟರಿಯ ಹತ್ತಿರವೇ ಕೂರಿಸಿ, ಪ್ರತಿಯೊಂದಕ್ಕೂ ಎರಡು ಸೀಲ್ಡ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಕೊಟ್ಟು, ತವರ ಸವರಿದ 6 ಚದರ ಮಿ.ಮೀ. ತಾಮ್ರದ ವೈರು ಎಳೆದೆ. ಡ್ಯಾಶಿನ ಸ್ವಿಚ್ಚು ಈಗ ರಿಲೇಯನ್ನಷ್ಟೇ ಎಳೆಯುತ್ತದೆ. ಅದೇ ಚೀಲ 11 ನಿಮಿಷಕ್ಕೆ ತುಂಬಿತು. ಪಂಪಿಗೊಂದು 20 ಆಂಪಿಯರ್ ಫ್ಯೂಸ್, ಮೂರಕ್ಕೂ ಸೇರಿ ಬ್ಯಾಟರಿಯಿಂದ ಗೇಣಿನೊಳಗೆ 60ರ ಮುಖ್ಯ ಫ್ಯೂಸ್. ಪೆಟ್ರೋಲ್ ಎಂಜಿನ್ನಿನ ಕೋಣೆಯಲ್ಲಿ ಕಿಡಿ ಹೊರಬಿಡದ, ಇಗ್ನಿಷನ್ ಪ್ರೊಟೆಕ್ಟೆಡ್ ಎಂದು ಬರೆದಿರುವ ಸಾಮಾನು ಮಾತ್ರ ಇರಲಿ. ಎಂಜಿನ್ ಚಾಲೂ ಮಾಡುವ ಮೊದಲು ಪೆಟ್ರೋಲ್ ಆವಿ ಹೊರಹಾಕುವ ಬ್ಲೋವರ್ ನಾಲ್ಕು ನಿಮಿಷ ಓಡಲೇಬೇಕು.

ಇನ್ನು ಕೊಡಗಿನ ಎತ್ತರ. ಹಾರಂಗಿ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 2,859 ಅಡಿ, ಅಂದರೆ 871 ಮೀಟರ್ ಮೇಲಿರುತ್ತದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅದರ ಮೇಲೆ 540 ಕೆ.ಜಿ. ಹೆಚ್ಚುವರಿ ಭಾರ. ಪೂರ್ತಿ ಥ್ರಾಟಲಿನಲ್ಲಿ 4,800ರಿಂದ 5,200 ಆರ್‌ಪಿಎಂ ಮುಟ್ಟಬೇಕಾದ ಎಂಜಿನ್ 4,250ರಲ್ಲೇ ಮುಗ್ಗರಿಸಿತು. ಹಾಗೇ ಓಡಿಸಿದರೆ ಎಂಜಿನ್ ಹೆಣಗಿ ಬಿಸಿಯೇರುತ್ತದೆ, ಪೆಟ್ರೋಲ್ ಸುರಿಯುತ್ತದೆ. ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ಲೆಕ್ಕದ ದೂರ) 1 ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 3 ಇಂಚು ಇಳಿಸಿದ ಮೇಲೆ ಭಾರದೊಂದಿಗೆ 4,800 ಸಿಕ್ಕಿತು. ಚೀಲ ಖಾಲಿಯಿದ್ದಾಗ 5,200 ದಾಟದಂತೆ ಕೈ ಹಿಡಿತದಲ್ಲಿರಬೇಕು.

ನೀರಿಗಿಳಿಸಿದ ಮೇಲೆ ಮೊದಲು ವಾಲ್ವ್ ಒಂದೊಂದೇ ತೆರೆದು ಪ್ರತಿ ಜೋಡಣೆಗೂ ಒಣ ಟಿಶ್ಯೂ ಒತ್ತಿ ನೋಡಿ, ಆಮೇಲೆ ತುಂಬಿಸಿ. ತುಂಬಿದ ಕೂಡಲೇ ವಾಲ್ವ್ ಮುಚ್ಚಿ. ಸವೆದ ಇಂಪೆಲ್ಲರಿನ ಸಂದಿಯಿಂದ ನೀರು ಸದ್ದಿಲ್ಲದೆ ನುಗ್ಗುತ್ತಲೇ ಇರುತ್ತದೆ. ಓಟದಲ್ಲಿ ಥ್ರಾಟಲ್ ಒಮ್ಮೆಲೇ ಬಿಡಬೇಡಿ. ಭಾರ ತುಂಬಿದ ಬೋಟಿನ ಹಿಂಬದಿಗೆ ಅದರದೇ ಅಲೆ ಬಂದು ಹತ್ತುತ್ತದೆ. ದಡದಿಂದ 60 ಮೀಟರಾದರೂ ದೂರವಿರಲಿ, ಈ ಅಲೆಗೆ ಮಣ್ಣಿನ ದಡ ಕುಸಿಯುತ್ತದೆ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ ಮರದ ಬುಡಗಳು ತಳಕ್ಕೆ ಹತ್ತಿರವಾಗುತ್ತವೆ. ಭಾರ ತುಂಬಿದ ಬೋಟು ಇನ್ನಷ್ಟು ಆಳಕ್ಕೆ ಕೂರುವುದರಿಂದ ಆ ತಿಂಗಳುಗಳಲ್ಲಿ ನಾವು ಬೋಟು ಇಳಿಸುವುದಿಲ್ಲ.

ಟ್ರೇಲರಿಗೆ ಹತ್ತಿಸುವ ಮೊದಲು ಮೂರೂ ಚೀಲ, ನಡುವಿನ ಟ್ಯಾಂಕ್ ಪೂರ್ತಿ ಖಾಲಿಯಾಗಬೇಕು. ಆ ನೀರನ್ನು ಹಾರಂಗಿಯಲ್ಲೇ ಬಿಡಿ, ಇನ್ನೊಂದು ಕೆರೆಗೆ ಕಳೆ, ಮೀನಿನ ಮೊಟ್ಟೆ ಹೊತ್ತೊಯ್ಯಬೇಡಿ. ಮಳೆಗಾಲಕ್ಕೆ ಮುಂಚೆ ಚೀಲ ಹೊರತೆಗೆದು, ಬಾಯಿ ತೆರೆದು ಎರಡು ದಿನ ನೆರಳಿನಲ್ಲಿ ಒಣಗಿಸಿ, ಇಲಿ ಹೊಗದಂತೆ ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡಿ. ಇಂಪೆಲ್ಲರುಗಳನ್ನೂ ಆಗಲೇ ಬಿಚ್ಚಿಡಬೇಕು. ತಿಂಗಳುಗಟ್ಟಲೆ ಒಂದೇ ಕಡೆ ಬಾಗಿ ನಿಂತ ರೆಕ್ಕೆ ಮತ್ತೆ ನೆಟ್ಟಗಾಗುವುದಿಲ್ಲ.