ನನ್ನ ಅಂತ್ಯಕ್ರಿಯೆಗೆ ನಾನೇ ಹಣ ತೆಗೆದಿಟ್ಟ ಬಗೆ

ಶಿರಸಿಯಿಂದ ಒಳಗಿರುವ ನಮ್ಮ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಹೆಗಲು ಕೊಡುವವರಿಗೆ, ಕಟ್ಟಿಗೆ ಒಡೆಯುವವರಿಗೆ ಇಂದಿಗೂ ಕೊರತೆಯಿಲ್ಲ. ಆದರೆ ಹಣ ಎಲ್ಲಿಂದ ತೆಗೆಯಬೇಕು, ಯಾವ ಕಾರ್ಯವನ್ನು ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಊರವರು ನಿರ್ಧರಿಸಿ ಕೊಡಲಾರರು. ಎಪ್ಪತ್ತು ದಾಟಿದ ಮೇಲೆ ನಾನು ಆ ನಿರ್ಧಾರಗಳನ್ನು ಮಕ್ಕಳಿಗೆ ಬಿಡದೆ ನಾನೇ ಮಾಡಿ, ಅದಕ್ಕೆ ತಕ್ಕ ಹಣವನ್ನೂ ಬೇರೆ ಇಟ್ಟಿದ್ದೇನೆ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಕಾರವಾರದಲ್ಲಿದ್ದಾಳೆ.

ಮೊದಲು ಆದದ್ದು ಅಂದಾಜು ಪಟ್ಟಿ. ನಮ್ಮ ಪುರೋಹಿತರ ಬಳಿ ಕುಳಿತು ದಹನ, ಅಸ್ಥಿಸಂಚಯನದಿಂದ ಹಿಡಿದು ಹನ್ನೆರಡನೆಯ ದಿನದ ಸಪಿಂಡೀಕರಣ, ಮರುದಿನದ ಊಟದವರೆಗೆ ಒಂದೊಂದಾಗಿ ಬರೆಸಿಕೊಂಡೆ. ಶಾಸ್ತ್ರಕ್ಕೆ ಬೇಕಾದದ್ದು ಯಾವುದು, ಊರ ರೂಢಿಯಿಂದ ಸೇರಿಕೊಂಡದ್ದು ಯಾವುದು ಎಂದು ಅವರೇ ಬಿಡಿಸಿ ಹೇಳಿದರು. ಮಕ್ಕಳಿಲ್ಲದವರು ಬದುಕಿರುವಾಗಲೇ ತಮ್ಮ ಶ್ರಾದ್ಧ ಮಾಡಿಕೊಳ್ಳುವುದುಂಟು, ಸನ್ಯಾಸ ತೆಗೆದುಕೊಳ್ಳುವವರು ಆತ್ಮಶ್ರಾದ್ಧ ಮಾಡಿಕೊಳ್ಳುತ್ತಾರೆ, ನಿಮಗೆ ಅದು ಬೇಡ ಎಂದರು. ದಕ್ಷಿಣೆಯನ್ನು ಮುಂಗಡವಾಗಿ ಕೊಡುತ್ತೇನೆಂದಾಗ ಅವರು ಒಪ್ಪಲಿಲ್ಲ. ಪಟ್ಟಿಯನ್ನು ಕೂಡಿಸಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಖರ್ಚು ಊಟದ್ದೇ ಆಗಿತ್ತು. ಆದ್ದರಿಂದ ಕೊನೆಯ ದಿನದ ಊಟಕ್ಕೆ ನೆಂಟರು ಮತ್ತು ನಮ್ಮ ಊರಿನ ಮನೆಗಳು ಮಾತ್ರ ಎಂದು ಬರೆದು ಸಹಿ ಮಾಡಿದ್ದೇನೆ. ಅಪ್ಪನ ಕಾರ್ಯವನ್ನು ಸಣ್ಣದಾಗಿ ಮುಗಿಸಿದರು ಎಂಬ ಮಾತು ಮಕ್ಕಳಿಗೆ ತಾಗಬಾರದು. ಹಾಗೆ ಅಂದವರಿಗೆ ತೋರಿಸಲು ನನ್ನ ಕೈಬರಹವೇ ಇರಲಿ.

ಬ್ರಿಟನ್ನಿನಲ್ಲಿ ಅಂತ್ಯಕ್ರಿಯೆಗೆ ಮುಂಗಡ ಕಟ್ಟಿಸಿಕೊಳ್ಳುವ ಕಂಪನಿಗಳಿವೆ, 2022ರ ಜುಲೈ 29ರಿಂದ ಅವು ಅಲ್ಲಿಯ ಹಣಕಾಸು ನಿಯಂತ್ರಕರ ಅಧೀನಕ್ಕೆ ಬಂದಿವೆ. ನಮ್ಮ ಸೀಮೆಯಲ್ಲಿ ಹಾಗೆ ಕಟ್ಟಲು ನನಗೆ ಯಾರೂ ಸಿಗದ ಕಾರಣ ಬ್ಯಾಂಕನ್ನೇ ಆಶ್ರಯಿಸಿದೆ. ಇಲ್ಲಿ ಬಹಳ ಮಂದಿ ನಾಮಿನಿಯ ಹೆಸರು ಬರೆಸಿದ್ದೇನೆ, ಇನ್ನು ಚಿಂತೆಯಿಲ್ಲ ಎಂದುಕೊಂಡಿರುತ್ತಾರೆ. ನಾಮಿನಿಗೆ ಹಣ ಸಿಗಬೇಕಾದರೆ ಮರಣ ಪ್ರಮಾಣಪತ್ರ ಬೇಕು, ಅರ್ಜಿ ಬೇಕು. ದಾಖಲೆಗಳೆಲ್ಲ ಸರಿಯಾಗಿ ಸೇರಿದ ಮೇಲೆ ಹಣ ಕೊಡಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಇಟ್ಟಿರುವ ಗಡುವು 15 ದಿನ. ಅಷ್ಟರಲ್ಲಿ ಸಪಿಂಡೀಕರಣವೇ ಮುಗಿದಿರುತ್ತದೆ. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವ ರೂಢಿಯಿದೆ, ಅದು ನಿಯಮಕ್ಕೆ ವಿರುದ್ಧ, ವಾರಸುದಾರರಲ್ಲಿ ಮನಸ್ತಾಪಕ್ಕೂ ದಾರಿ. ಹಾಗಾಗಿ ಮಗಳ ಜೊತೆಗೆ ‘ಎದರ್ ಆರ್ ಸರ್ವೈವರ್’ ಷರತ್ತಿನ, ಅಂದರೆ ಇಬ್ಬರಲ್ಲಿ ಯಾರಾದರೂ, ಒಬ್ಬರು ತೀರಿಕೊಂಡರೆ ಉಳಿದವರು ಹಣ ತೆಗೆಯಬಹುದಾದ, ಜಂಟಿ ಉಳಿತಾಯ ಖಾತೆ ತೆರೆದು, ಅದರಲ್ಲಿ ನಲವತ್ತು ಸಾವಿರ ರೂಪಾಯಿ ಇಟ್ಟಿದ್ದೇನೆ. ಮೊದಲ ದಿನದ ವಾಹನ, ಸಾಮಗ್ರಿ, ಕೂಲಿಗೆ ಅವಳು ತನ್ನದೇ ಕಾರ್ಡಿನಿಂದ ಹಣ ತೆಗೆಯಬಹುದು.

ಉಳಿದ ಒಂದು ಲಕ್ಷ ಅರವತ್ತು ಸಾವಿರವನ್ನು ಇಬ್ಬರ ಹೆಸರಿನಲ್ಲೇ ಠೇವಣಿ ಮಾಡಿದೆ. ಅಂದಾಜು ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು, ಬೆಲೆ ಏರುತ್ತದೆಂದು ಒಟ್ಟು ಎರಡು ಲಕ್ಷ ಮಾಡಿದ್ದೇನೆ. ಇಲ್ಲಿ ಒಂದು ಸೂಕ್ಷ್ಮವಿದೆ. ಜಂಟಿ ಠೇವಣಿಯಲ್ಲಿ ಒಬ್ಬರು ತೀರಿಕೊಂಡಾಗ ಉಳಿದವರು ಅವಧಿಗೆ ಮುಂಚೆ ಹಣ ಪಡೆಯಬೇಕಾದರೆ, ಅದಕ್ಕೆ ಇಬ್ಬರೂ ಮೊದಲೇ ಲಿಖಿತ ಒಪ್ಪಿಗೆ ಕೊಟ್ಟಿರಬೇಕು. ಇಲ್ಲವಾದರೆ ಬ್ಯಾಂಕು ಮೃತರ ವಾರಸುದಾರರೆಲ್ಲರ ಸಮ್ಮತಿ ಕೇಳುತ್ತದೆ. ಆ ಒಪ್ಪಿಗೆಯ ಸಾಲನ್ನು ಬರೆಸಿ, ಮೊಹರು ಹಾಕಿದ ಪ್ರತಿಯನ್ನು ಕೇಳಿ ಪಡೆದುಕೊಂಡೆ. ನಮ್ಮ ಕಡೆ ಅಡಿಕೆಯ ಹಣವೆಲ್ಲ ಸೊಸೈಟಿಯಲ್ಲೇ ಇರುವುದು ವಾಡಿಕೆ, ನನ್ನದೂ ಅಲ್ಲೇ ಇದೆ. ಆದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇರುವ ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆಯೇ ಹೊರತು ಪತ್ತಿನ ಸಹಕಾರಿ ಸಂಘಗಳಿಗೆ ಅಲ್ಲ. ಈ ಒಂದು ಹಣವಾದರೂ ವಿಮೆಯ ಆಸರೆಯಲ್ಲಿರಲಿ ಎಂದು ಬ್ಯಾಂಕಿನಲ್ಲಿಟ್ಟೆ.

ಮಳೆಗಾಲದ ಲೆಕ್ಕವೇ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋದಾಗ, ಕಾರವಾರದಿಂದ ಮಗಳಿಗೆ ತುರ್ತಾಗಿ ಬರಬೇಕಾಗಿದ್ದರೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಕರೆಂಟು ದಿನಗಟ್ಟಲೆ ಇಲ್ಲದ ಊರಿನಲ್ಲಿ ಶೈತ್ಯಪೆಟ್ಟಿಗೆಯನ್ನು ನಂಬುವಂತಿಲ್ಲ. ಆದ್ದರಿಂದ ಇಬ್ಬರಲ್ಲಿ ಮೊದಲು ತಲುಪಿದವರು, ಮಗಳಾದರೂ ಸರಿ, ಅಗ್ನಿ ಕೊಡಬೇಕು, ರಾತ್ರಿ ಕಳೆದು ಬೆಳಗಾದ ಮೇಲೆ ಯಾರಿಗಾಗಿಯೂ ಕಾಯಬಾರದು ಎಂದು ಬರೆದಿದ್ದೇನೆ. ಮಗಳು ಕೊಡುವ ವಿಷಯದಲ್ಲಿ ಪುರೋಹಿತರ ಒಪ್ಪಿಗೆಯನ್ನೂ ಕೇಳಿಯೇ ಬರೆದದ್ದು.

ಇನ್ನು ಕಟ್ಟಿಗೆ. ಆಷಾಢದಲ್ಲಿ ಒದ್ದೆ ಕಟ್ಟಿಗೆಯನ್ನು ಡೀಸೆಲ್ ಸುರಿದು ಉರಿಸಲು ಹೆಣಗುವ ಮಕ್ಕಳನ್ನು ಕಂಡವನು ನಾನು. ತೋಟದಂಚಿನಲ್ಲಿ ಗಾಳಿಗೆ ಬಿದ್ದ ಮಾವಿನ ಮರವನ್ನು ಕೊಯ್ಸಿ, ಸೀಳಿಸಿ, ನಾಲ್ಕು ಕ್ವಿಂಟಲ್‌ನಷ್ಟು ಬೇರೆ ತೆಗೆಸಿದೆ. ಬದುಕಿರುವವರ ಸೂರಿನಡಿ ಚಿತೆಯ ಕಟ್ಟಿಗೆ ಬೇಡ ಎಂದು ಹೆಂಡತಿ ಹೇಳಿದಳು. ಆ ಮಾತು ನನಗೂ ಸರಿಯೆನಿಸಿತು. ಅದಕ್ಕೇ ಮನೆಯಿಂದಾಚೆ ಗೊಬ್ಬರದ ಶೆಡ್ಡಿನ ಅಟ್ಟದ ಮೇಲೆ ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಯಾರೂ ಬಚ್ಚಲೊಲೆಗೆ ಒಯ್ಯದಂತೆ ತುದಿಗಳಿಗೆ ಸುಣ್ಣದ ಗೆರೆ ಎಳೆಸಿದ್ದೇನೆ. ಗೆದ್ದಲು ಹಿಡಿಯದಂತೆ ಬೇಸಿಗೆಯಲ್ಲಿ ಇಳಿಸಿ ಬಿಸಿಲಿಗೆ ಹರಡುತ್ತೇವೆ. ಮಳೆಗಾಲದಲ್ಲಿ ಊರಿನ ಯಾರಿಗೇ ಬೇಕಾದರೂ ಅದನ್ನೇ ಒಯ್ಯಿರಿ ಎಂದು ಹೇಳಿದ್ದೇನೆ. ಒಮ್ಮೆ ಹಾಗೆ ಹೋಯಿತು, ಆ ಜಾಗವನ್ನು ಮತ್ತೆ ತುಂಬಿಸಿದೆ.

ಇದೆಲ್ಲವನ್ನೂ ಬರೆದ ಹಾಳೆಗಳು ಮೃತ್ಯುಪತ್ರದ ಜೊತೆಗಿಲ್ಲ, ಲಾಕರಿನಲ್ಲೂ ಇಲ್ಲ, ಏಕೆಂದರೆ ಅವೆರಡೂ ತೆರೆಯುವುದು ಕಾರ್ಯ ಮುಗಿದ ಮೇಲೆ. ಒಂದು ಪ್ರತಿ ದೇವರ ಕೋಣೆಯ ಕಪಾಟಿನಲ್ಲಿದೆ, ಮಕ್ಕಳಿಬ್ಬರ ಬಳಿ ಒಂದೊಂದಿದೆ. ಮನೆಯಲ್ಲೇ ಪ್ರಾಣ ಹೋದರೆ ಯಾವ ವೈದ್ಯರನ್ನು ಕರೆಯಬೇಕು, ಮರಣವನ್ನು 21 ದಿನಗಳೊಳಗೆ ನೋಂದಾಯಿಸಲು ಯಾರು ಹೋಗಬೇಕು, ಪ್ರಮಾಣಪತ್ರದ ಪ್ರತಿಗಳು ಎಲ್ಲೆಲ್ಲಿಗೆ ಬೇಕು ಎಂಬುದೂ ಅದರಲ್ಲಿದೆ. ಠೇವಣಿಯ ಅವಧಿ ಬರುವ ಮೇ ತಿಂಗಳಿಗೆ ಮುಗಿಯುತ್ತದೆ. ನವೀಕರಣಕ್ಕೆ ಮಗಳೂ ಬರುವವಳಿದ್ದಾಳೆ, ಆಗ ಅವಧಿಪೂರ್ವ ಹಿಂಪಡೆಯುವಿಕೆಯ ಒಪ್ಪಿಗೆಯನ್ನು ಇಬ್ಬರೂ ಕೂಡಿ ಹೊಸದಾಗಿ ಬರೆದುಕೊಡುತ್ತೇವೆ.