ಬಾತುಮರಿಯ ಸ್ನಾಯು: ಮೊಟ್ಟೆಯೊಳಗೂ ಹೊರಗೂ ಮಾಡಬೇಕಾದ ಆರೈಕೆ

ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ, ಹರಿಹರ, ಚನ್ನಗಿರಿ ಭಾಗದಲ್ಲಿ ಬಾತುಕೋಳಿ ಸಾಕಲು ಮುಂದಾಗುವವರು ಮರಿಗೆ ಏನು ತಿನ್ನಿಸಬೇಕೆಂದು ಕೇಳುತ್ತಾರೆಯೇ ಹೊರತು ಮೊಟ್ಟೆಗೆ ಕಾವು ಹೇಗೆ ಕೊಡಬೇಕೆಂದು ವಿಚಾರಿಸುವುದು ಕಡಿಮೆ. ಆದರೆ ಬಾತಿನ ಮೈಕಟ್ಟಿನ ಅರ್ಧ ಭವಿಷ್ಯ ಚಿಪ್ಪಿನೊಳಗೇ ನಿರ್ಧಾರವಾಗುತ್ತದೆ. ಸ್ನಾಯುವನ್ನು ರೂಪಿಸುವ ಎಳೆಗಳ ಸಂಖ್ಯೆ ಮರಿ ಹೊರಬರುವ ವೇಳೆಗೆ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಆಹಾರ ಕೊಟ್ಟರೂ ಇರುವ ಎಳೆಗಳು ದಪ್ಪವಾಗುತ್ತವೆ, ಉದ್ದವಾಗುತ್ತವೆ. ಹೊಸದಾಗಿ ಹುಟ್ಟಿ ಸಂಖ್ಯೆ ಹೆಚ್ಚುವುದು ತೀರಾ ಕಡಿಮೆ.

ಮೊಟ್ಟೆಯೊಳಗೆ ಮೊದಲು ಸ್ನಾಯುವಿನ ಮೂಲಕೋಶಗಳು ಹೆಚ್ಚಿ, ಒಂದರೊಡನೊಂದು ಬೆಸೆದುಕೊಂಡು ಮೊದಲ ಸಾಲಿನ ಎಳೆಗಳಾಗುತ್ತವೆ. ನಂತರ, ಚಪ್ಪರದ ಕಂಬವನ್ನು ಹಿಡಿದು ಬಳ್ಳಿ ಹಬ್ಬುವಂತೆ, ಆ ಎಳೆಗಳ ಮೈಗುಂಟ ಎರಡನೆಯ ಸಾಲಿನ ಎಳೆಗಳು ಬೆಳೆಯುತ್ತವೆ, ಮತ್ತು ಒಟ್ಟು ಸಂಖ್ಯೆಯಲ್ಲಿ ಇವುಗಳ ಪಾಲೇ ದೊಡ್ಡದು. ಭ್ರೂಣ ಒಳಗೇ ಕೈಕಾಲು ಆಡಿಸುತ್ತಿರಬೇಕು; ಅಲುಗಾಟ ನಿಂತರೆ ಸ್ನಾಯು ಸೊರಗುತ್ತದೆ. ಕಾವಿನ ಉಷ್ಣತೆ ಏರುಪೇರಾದರೆ ಈ ಚಲನೆಯೂ ಕೋಶಗಳು ಹೆಚ್ಚುವ ವೇಗವೂ ಎರಡೂ ಕೆಡುತ್ತವೆ.

ಮೊಟ್ಟೆ ಆರಿಸುವಾಗ ಬಿರುಕಿಲ್ಲದ, ಮಧ್ಯಮ ಗಾತ್ರದ, ಒಂದು ವಾರ ಮೀರದ ಮೊಟ್ಟೆಗಳನ್ನಷ್ಟೇ ತೆಗೆದುಕೊಳ್ಳಬೇಕು. ಏಪ್ರಿಲ್‌ನಲ್ಲಿ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯ ಮನೆಯೊಳಗಿನ ಸೆಕೆಯಲ್ಲಿಟ್ಟ ಮೊಟ್ಟೆಯೊಳಗೆ ಭ್ರೂಣ ಅರೆಬರೆಯಾಗಿ ಬೆಳೆಯಲು ಶುರುಮಾಡಿ, ಕಾವಿಗಿಡುವ ಮೊದಲೇ ದುರ್ಬಲವಾಗುತ್ತದೆ. ಆದ್ದರಿಂದ ಮೊಟ್ಟೆಗಳನ್ನು ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ, ಗಾಳಿಯಾಡುವ ನೆರಳಿನಲ್ಲಿ ಇಡುವುದು ಒಳ್ಳೆಯದು.

ಕಾವುಪೆಟ್ಟಿಗೆಯಲ್ಲಿ ಫ್ಯಾನ್ ಇದ್ದರೆ 37.5 ಡಿಗ್ರಿ ಸೆಲ್ಸಿಯಸ್ ಇರಲಿ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಥರ್ಮಾಮೀಟರ್ ಅನ್ನು ಮೊಟ್ಟೆಯ ಮೇಲ್ಮಟ್ಟದಲ್ಲಿಟ್ಟು ಅದಕ್ಕಿಂತ ತುಸು ಹೆಚ್ಚು, 38 ಡಿಗ್ರಿ ದಾಟಿದಷ್ಟು, ಇರಿಸಿಕೊಳ್ಳಬಹುದು. ತೇವಾಂಶ ಶೇಕಡಾ 55ರಿಂದ 60ರಷ್ಟಿದ್ದು, ಕೊನೆಯ ಮೂರು ದಿನ 70ಕ್ಕೆ ಏರಬೇಕು. ಖಾಕಿ ಕ್ಯಾಂಪ್‌ಬೆಲ್, ಪೆಕಿನ್ ಮುಂತಾದ ತಳಿಗಳ ಮೊಟ್ಟೆಗೆ 28 ದಿನ, ಮಸ್ಕೊವಿಗೆ 35 ದಿನ ಹಿಡಿಯುತ್ತದೆ. ಮೊಟ್ಟೆಯನ್ನು ದಿನಕ್ಕೆ ನಾಲ್ಕೈದು ಸಲವಾದರೂ ತಿರುಗಿಸಿ, ಮರಿ ಹೊರಬರುವ ಮೂರು ದಿನ ಮೊದಲು, ಅಂದರೆ 28 ದಿನದ ಮೊಟ್ಟೆಗೆ 25ನೆಯ ದಿನಕ್ಕೆ, ನಿಲ್ಲಿಸಬೇಕು. ತಿರುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಂಡು ಚಲನೆ ಕುಗ್ಗುತ್ತದೆ. ಎರಡನೆಯ ವಾರದಿಂದ ದಿನಕ್ಕೊಮ್ಮೆ ಹತ್ತು ನಿಮಿಷ ಪೆಟ್ಟಿಗೆ ತೆರೆದು, ಉಗುರುಬೆಚ್ಚಗಿನ ನೀರು ಚಿಮುಕಿಸುವ ರೂಢಿಯೂ ಇದೆ. ಹೆಚ್ಚು ಕಾವು ಬಿದ್ದ ಮರಿ ಬೇಗ ಹೊರಬರುತ್ತದೆ, ಆದರೆ ಹೊಟ್ಟೆಯಲ್ಲಿ ಹಳದಿಯ ಭಾಗ ಕರಗದೆ ಉಳಿದು ಕಾಲು ನಡುಗುತ್ತಿರುತ್ತದೆ. ಬೇಗ ಬಂತೆಂದು ಹಿಗ್ಗುವುದು ಸರಿಯಲ್ಲ.

ಪೆಟ್ಟಿಗೆ ಇಲ್ಲದವರು ನಾಟಿ ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ, ಏಕೆಂದರೆ ಖಾಕಿ ಕ್ಯಾಂಪ್‌ಬೆಲ್ ತಾನಾಗಿ ಕಾವಿಗೆ ಕೂರುವುದು ಅಪರೂಪ. 21 ದಿನಕ್ಕೆ ಒಗ್ಗಿಕೊಂಡ ಕೋಳಿ ಮತ್ತೊಂದು ವಾರ ಕೂರಬೇಕಾಗುವುದರಿಂದ ಅದರ ಪಕ್ಕದಲ್ಲೇ ಕಾಳು, ನೀರು ಇಡಬೇಕು.

ಕೊನೆಯ ದಿನಗಳಲ್ಲಿ ಕತ್ತಿನ ಹಿಂಭಾಗದ ಒಂದು ಸ್ನಾಯು ಉಬ್ಬಿ ನಿಲ್ಲುತ್ತದೆ. ಕೊಕ್ಕಿನಿಂದ ಚಿಪ್ಪನ್ನು ಕುಟ್ಟುವ ಬಲ ಬರುವುದು ಅದರಿಂದ, ಮತ್ತು ಮರಿ ಹೊರಬಂದ ಮೇಲೆ ಅದು ತಾನಾಗಿ ಕುಗ್ಗುತ್ತದೆ. ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯಬಹುದು. ಅಷ್ಟರೊಳಗೆ ಕನಿಕರಪಟ್ಟು ಚಿಪ್ಪು ಸುಲಿದರೆ, ಇನ್ನೂ ರಕ್ತ ಹರಿಯುತ್ತಿರುವ ಪೊರೆ ಹರಿದು ಮರಿ ಸಾಯುವ ಅಪಾಯವಿರುತ್ತದೆ.

ಹೊರಬಂದ ಮರಿಯ ಕಾಲಿಗೂ ಎದೆಗೂ ಬಹಳ ವ್ಯತ್ಯಾಸವಿದೆ. ತೊಡೆಯ ಸ್ನಾಯು ತುಂಬಿಕೊಂಡಿರುತ್ತದೆ, ಮರಿ ಕೆಲವೇ ಗಂಟೆಗಳಲ್ಲಿ ನಡೆಯುತ್ತದೆ. ಎದೆಯ ಮೇಲೆ ಬೆರಳಿಟ್ಟರೆ ಮೂಳೆಯೇ ಸಿಗುತ್ತದೆ. ಈಜಿ, ನಡೆದು ತಾನೇ ಮೇಯುವ ಹಕ್ಕಿಗೆ ಮೊದಲು ಬೇಕಾದದ್ದು ಕಾಲು. ಹಾರಲು ಬೇಕಾಗುವ ಎದೆಯ ಸ್ನಾಯುವಿಗೆ ಅವಸರವಿಲ್ಲ.

ಈ ಹಂತದಲ್ಲಿ ಎಳೆಗಳ ಅಂಚಿಗೆ ಅಂಟಿಕೊಂಡಿರುವ ಸಹಾಯಕ ಕೋಶಗಳು ಹೆಚ್ಚಿ, ಎಳೆಗಳೊಳಗೆ ಬೆರೆತು ಅವುಗಳನ್ನು ದಪ್ಪಗೊಳಿಸುತ್ತವೆ, ಮತ್ತು ಈ ಕೆಲಸ ಅತ್ಯಂತ ಚುರುಕಾಗಿರುವುದು ಮೊದಲ ಕೆಲವು ದಿನಗಳಲ್ಲಿ. ಹೊಟ್ಟೆಯಲ್ಲಿ ಹಳದಿ ಇದೆಯೆಂದು ಎರಡು ದಿನ ಉಪವಾಸ ಕೆಡವುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮೈ ಒಣಗಿದ ಕೂಡಲೇ, ತಡವೆಂದರೂ ಒಂದು ದಿನದೊಳಗೆ, ಕೊಕ್ಕು ಮುಳುಗುವಷ್ಟು ಆಳದ ನೀರನ್ನೂ ಶೇಕಡಾ 20ರಿಂದ 22ರಷ್ಟು ಪ್ರೋಟೀನ್ ಇರುವ ಒದ್ದೆ ಪುಡಿ ಆಹಾರವನ್ನೂ ಇಡಬೇಕು. ಕೋಳಿಮರಿಗಿಂತ ಬಾತುಮರಿಗೆ ನಯಾಸಿನ್ ಎಂಬ ವಿಟಮಿನ್ ಹೆಚ್ಚು ಬೇಕು. ಕಡಿಮೆಯಾದರೆ ಕಾಲು ಬಿಲ್ಲಿನಂತೆ ಬಾಗುತ್ತದೆ. ಕೋಳಿಮರಿಯ ಆಹಾರವನ್ನೇ ಕೊಡುವವರು ಅದಕ್ಕೆ ಸ್ವಲ್ಪ ಯೀಸ್ಟ್ ಪುಡಿ ಬೆರೆಸಬೇಕು. ವಿಟಮಿನ್ ಇ ಮತ್ತು ಸೆಲೆನಿಯಂ ಕೊರತೆಯಾದರೆ ಸ್ನಾಯುವಿನಲ್ಲಿ ಬಿಳಿಚಿದ ಗೆರೆಗಳು ಮೂಡಿ ಮರಿ ಕುಸಿಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಎಚ್ಚರ ಬೇಕಾದ ಇನ್ನೊಂದು ವಿಷಯವಿದೆ. ದಾವಣಗೆರೆಯ ಮೆಕ್ಕೆಜೋಳ, ಚಳ್ಳಕೆರೆಯ ಶೇಂಗಾ ಹಿಂಡಿ ಎರಡೂ ಅಗ್ಗವಾಗಿ ಕೈಗೆಟುಕುತ್ತವೆ. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬೇಗ ಸೇರುವುದೂ ಇವೆರಡಕ್ಕೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷದ ಸುಳಿವು ಸಿಕ್ಕಿತು, ಮತ್ತು ಅದನ್ನು ಪರೀಕ್ಷಿಸಲು ಬಳಸಿದ್ದು ಒಂದು ದಿನದ ಬಾತುಮರಿಗಳನ್ನು, ಏಕೆಂದರೆ ಅವುಗಳಷ್ಟು ಬೇಗ ಇದಕ್ಕೆ ತುತ್ತಾಗುವ ಸಾಕುಹಕ್ಕಿ ಇಲ್ಲವೆನ್ನಬಹುದು. ಯಕೃತ್ತು ಕೆಟ್ಟ ಮರಿ ಮೈ ತುಂಬಿಕೊಳ್ಳುವುದಿಲ್ಲ. ಆದ್ದರಿಂದ ಮುಗ್ಗಲು ವಾಸನೆಯ ಹಿಂಡಿಯನ್ನೂ ಮಳೆಯಲ್ಲಿ ನೆನೆದು ಒಣಗಿಸಿದ ಮೆಕ್ಕೆಜೋಳವನ್ನೂ ಮರಿಗಳಿಗೆ ಕೊಡಲೇಬಾರದು. ಹುರಿದರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಸಂಶಯವಿದ್ದಾಗ ಹಿಂಡಿ ಬಿಟ್ಟು ನುಚ್ಚಕ್ಕಿ, ತೌಡು, ಮೀನಿನ ಪುಡಿ ಬೆರೆಸಿಕೊಳ್ಳಬಹುದು.

ಮೊದಲ ವಾರ ಮರಿಗಳ ಮಟ್ಟದಲ್ಲಿ 30 ಡಿಗ್ರಿಯಷ್ಟು ಬೆಚ್ಚಗಿದ್ದರೆ ಸಾಕು. ಆಮೇಲೆ ವಾರಕ್ಕೆ ಎರಡು-ಮೂರು ಡಿಗ್ರಿ ಇಳಿಸಬೇಕು. ನೆಲಕ್ಕೆ ದಿನಪತ್ರಿಕೆ ಹಾಸಿದರೆ ಕಾಲು ಜಾರಿ ಅಗಲಕ್ಕೆ ಹೋಗುತ್ತದೆ. ಮೊದಲ ದಿನಗಳಲ್ಲಿ ಗೋಣಿಚೀಲ, ಆಮೇಲೆ ರೈಸ್‌ಮಿಲ್ಲಿನ ಭತ್ತದ ಹೊಟ್ಟು ಹಾಕಬಹುದು. ತಾಯಿಯಿಲ್ಲದ ಮರಿಯನ್ನು ಗರಿ ಬರುವ ಮುನ್ನ ಕೆರೆಗೆ ಬಿಟ್ಟರೆ ತುಪ್ಪುಳು ನೆನೆದು ಚಳಿಗೆ ಸಾಯುತ್ತದೆ.

ಮಾಂಸಕ್ಕಾಗಿ ಪೆಕಿನ್ ಸಾಕುವವರು ಗಮನಿಸಬೇಕಾದದ್ದು ಎದೆಯ ಸ್ನಾಯು ಮೂರು ವಾರದ ನಂತರವೇ ವೇಗ ಪಡೆಯುತ್ತದೆ ಎಂಬುದನ್ನು. ಐದನೆಯ ವಾರಕ್ಕೆ ಮೈ ತೂಕ ಚೆನ್ನಾಗಿದ್ದರೂ ಅದರಲ್ಲಿ ಕಾಲು, ಮೂಳೆ, ಕರುಳಿನ ಪಾಲು ಹೆಚ್ಚು. ಹಾಗಾಗಿ ಪ್ರೋಟೀನನ್ನು ಒಮ್ಮೆಲೇ ಇಳಿಸದೆ 16ರಿಂದ 18ರ ಮಟ್ಟದಲ್ಲಿ ಉಳಿಸಿಕೊಳ್ಳಬೇಕು. ಇದೇ ಹೊತ್ತಿನಲ್ಲಿ ಗರಿ ಬೆಳೆಯಲೂ ಪ್ರೋಟೀನ್ ಖರ್ಚಾಗುತ್ತದೆ. ಆರನೆಯ ವಾರದಿಂದ ಬಾತನ್ನು ಎತ್ತಿ ಎದೆಮೂಳೆಯ ಎರಡೂ ಬದಿಯನ್ನು ಬೆರಳುಗಳಿಂದ ಒತ್ತಿ ನೋಡುತ್ತಿರಬೇಕು. ಮೂಳೆ ಚೂಪಾಗಿ ತಾಗಿದರೆ ಇನ್ನೂ ಸಮಯವಿದೆ, ಎರಡು ಬದಿಯೂ ದುಂಡಗಾಗಿ ಮೂಳೆಯ ಅಂಚಿನ ಸಮಕ್ಕೆ ಬಂದಿದ್ದರೆ, ಸಾಮಾನ್ಯವಾಗಿ ಏಳು-ಎಂಟನೆಯ ವಾರದಲ್ಲಿ, ಮಾರಾಟಕ್ಕೆ ತೆಗೆಯಬಹುದು.