ಗಲ್ಫ್‌ನಲ್ಲಿ ಪಾಠ ಮಾಡುವ ದಂಪತಿ ಬೇಗ ಊರಿಗೆ ಬಂದು ನೆಲೆಸಬೇಕೆಂದರೆ: ಲೆಕ್ಕ, ಕಾಗದ, ಎಚ್ಚರ

ದುಬೈ, ಶಾರ್ಜಾ, ಅಬುಧಾಬಿಯ ಶಾಲೆಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಪಾಠ ಮಾಡುತ್ತಿದ್ದು, ಐವತ್ತು ತುಂಬುವ ಮೊದಲೇ ತುಮಕೂರಿಗೋ ಕೋಲಾರಕ್ಕೋ ಚಿಕ್ಕಬಳ್ಳಾಪುರಕ್ಕೋ ಮರಳಿ ಸಂಬಳದ ಹಂಗಿಲ್ಲದೆ ಇರಬೇಕು ಅನ್ನುವವರಿಗೆ ಇದು. ಒಬ್ಬರ ಸಂಬಳದಲ್ಲಿ ಸಂಸಾರ ನಡೆಸಿ ಇನ್ನೊಬ್ಬರದನ್ನು ಪೂರ್ತಿ ಉಳಿಸುವುದನ್ನು ಬಹಳ ಜನ ಮಾಡುತ್ತಾರೆ. ಎಡವುವುದು ಆಮೇಲೆ, ಉಳಿಸಿದ್ದೆಲ್ಲ ಸೈಟು-ಜಮೀನಿನಲ್ಲಿ ಸಿಕ್ಕಿಕೊಂಡು ತಿಂಗಳ ಖರ್ಚಿಗೆ ಕೈಗೆ ಬಾರದೆ ಹೋದಾಗ.

ಎಷ್ಟು ಬೇಕು

ಮೊದಲು ಊರಿನ ಖರ್ಚು ಬರೆಯಿರಿ, ದುಬೈನದಲ್ಲ. ತುಮಕೂರಿನಲ್ಲಿ ಸ್ವಂತ ಮನೆಯಿರುವ ಇಬ್ಬರಿಗೆ ತಿಂಗಳಿಗೆ ಒಂದು ಮಾದರಿ: ದಿನಸಿ, ಹಾಲು, ತರಕಾರಿ 16,000, ಕರೆಂಟು, ನೀರು, ಗ್ಯಾಸು, ಇಂಟರ್ನೆಟ್ 5,000, ಮನೆಗೆಲಸಕ್ಕೆ 4,000, ವಾಹನಕ್ಕೆ 7,000, ಆರೋಗ್ಯ ವಿಮೆ 6,000, ಡಾಕ್ಟರು, ಔಷಧಿ 4,000, ಮನೆ ರಿಪೇರಿ, ಕಂದಾಯ 4,000, ಮದುವೆ-ಗೃಹಪ್ರವೇಶದ ಮುಯ್ಯಿ, ಹಬ್ಬ, ಜಾತ್ರೆ 6,000, ಓಡಾಟ 8,000. ಒಟ್ಟು 60,000. ಮುಯ್ಯಿಯ ಸಾಲನ್ನು ಬಿಡಬೇಡಿ. ಫಾರಿನ್ನಿಂದ ಬಂದವರು ಅಂದಮೇಲೆ ಅದು ಮೊದಲ ಎರಡು ವರ್ಷ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಮಕ್ಕಳ ಓದು, ಹೆತ್ತವರ ಚಿಕಿತ್ಸೆ ಇದರಲ್ಲಿ ಸೇರಿಲ್ಲ. ಅವಕ್ಕೆ ಬೇರೆ ಗಂಟು ಬೇಕು.

ವರ್ಷದ ಖರ್ಚಿನ 25 ಪಟ್ಟು ಗಂಟಿದ್ದರೆ ಸಾಕು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದರ ಮೂಲ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ ಮಾರುಕಟ್ಟೆಯ ಅಂಕಿ ಹಿಡಿದು, 30 ವರ್ಷದ ನಿವೃತ್ತಿಗೆ ಹಾಕಿದ ಲೆಕ್ಕ. 47ಕ್ಕೆ ಕೆಲಸ ಬಿಡುವವರಿಗೆ 40 ವರ್ಷಕ್ಕೂ ಮೀರಿ ಹಣ ಬಾಳಬೇಕು, ನಮ್ಮಲ್ಲಿ ಬೆಲೆಯೇರಿಕೆಯೂ ಜಾಸ್ತಿ. 33 ಪಟ್ಟು ಹಿಡಿಯಿರಿ.

ಇವತ್ತಿನ 60,000 ಶೇ. 6ರ ಬೆಲೆಯೇರಿಕೆಯಲ್ಲಿ 10 ವರ್ಷಕ್ಕೆ ಸುಮಾರು 1,07,000 ಆಗುತ್ತದೆ. ಅದರ ವರ್ಷದ ಮೊತ್ತದ 33 ಪಟ್ಟು ಎಂದರೆ ಹತ್ತಿರಹತ್ತಿರ 4.25 ಕೋಟಿ. ಗಾಬರಿ ಬೇಡ. ಇಬ್ಬರ ಸಂಬಳ 9,000 ಮತ್ತು 7,000 ದಿರ್ಹಮ್ ಇದ್ದು, 7,000ವನ್ನು ಮುಟ್ಟದೆ ಉಳಿಸಿದರೆ, ದಿರ್ಹಮಿಗೆ 23 ರೂಪಾಯಿ ಹಿಡಿದರೂ ತಿಂಗಳಿಗೆ 1.6 ಲಕ್ಷ. ವರ್ಷಕ್ಕೆ ಶೇ. 10 ಬೆಳೆದರೆ 10 ವರ್ಷಕ್ಕೆ 3.28 ಕೋಟಿ. ಈಗಾಗಲೇ 35 ಲಕ್ಷ ಇದ್ದರೆ ಅದು 90 ಲಕ್ಷ ದಾಟುತ್ತದೆ. ಶೇ. 10 ಯಾರೂ ಬರೆದುಕೊಡುವ ಭರವಸೆಯಲ್ಲ, ಶೇ. 8 ಬಂದರೆ 10 ವರ್ಷದ ಯೋಜನೆ 12ಕ್ಕೆ ಹೋಗುತ್ತದೆ ಎಂದು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಗ್ರಾಚ್ಯುಟಿ ಎಲ್ಲಿ ಸೋರುತ್ತದೆ

ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಸೇವಾ ಮೊತ್ತ. ಯುಎಇ ಕಾನೂನಿನಂತೆ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನ ಸಿಗುತ್ತದೆ. ಒಟ್ಟು ಎರಡು ವರ್ಷದ ವೇತನ ಮೀರುವಂತಿಲ್ಲ. ಇಲ್ಲಿ ಕಣ್ಣಿಡಬೇಕಾದದ್ದು ಮೂಲ ವೇತನ. ಒಟ್ಟು 9,000ದಲ್ಲಿ ಮೂಲ ವೇತನ 4,500 ಇದ್ದರೆ ದಿನಕ್ಕೆ 150. 12 ವರ್ಷಕ್ಕೆ 315 ದಿನ, ಅಂದರೆ 47,250 ದಿರ್ಹಮ್. ಅದೇ ಸಂಬಳದಲ್ಲಿ ಮೂಲ 6,300 ಆಗಿದ್ದರೆ 66,150. ಕಾಂಟ್ರ್ಯಾಕ್ಟ್ ನವೀಕರಣದ ಹೊತ್ತಿನಲ್ಲಿ ಸಂಬಳ ಏರಿಸದಿದ್ದರೂ ಮನೆ ಬಾಡಿಗೆ ಭತ್ಯೆಯ ಒಂದು ಭಾಗವನ್ನು ಮೂಲಕ್ಕೆ ಸೇರಿಸಿ ಎಂದು ಕೇಳಿ. ಸೌದಿಯಲ್ಲಿ ಲೆಕ್ಕವೇ ಬೇರೆ: ಮೊದಲ 5 ವರ್ಷ ವರ್ಷಕ್ಕೆ ಅರ್ಧ ತಿಂಗಳು, ನಂತರ ಪೂರ್ತಿ ತಿಂಗಳು. ನೀವಾಗಿ ರಾಜೀನಾಮೆ ಕೊಟ್ಟರೆ 5ರಿಂದ 10 ವರ್ಷದ ಸೇವೆಗೆ ಮೂರರಲ್ಲಿ ಎರಡು ಪಾಲು ಮಾತ್ರ. ಅಲ್ಲಿ 9 ವರ್ಷ ಮುಗಿಸಿದವರು ಇನ್ನೊಂದು ವರ್ಷ ಹಲ್ಲುಕಚ್ಚಿಕೊಂಡು ಇರುವುದು ಲಾಭ.

ಇಬ್ಬರೂ ಒಂದೇ ಶಾಲೆಯಲ್ಲಿದ್ದರೆ ಇನ್ನೊಂದು ತೊಡಕು ಇದೆ. ಆಡಳಿತ ಬದಲಾದರೆ ಎರಡು ಸಂಬಳವೂ ಒಟ್ಟಿಗೆ ನಿಲ್ಲಬಹುದು. ಆರು ತಿಂಗಳ ಖರ್ಚು ಅಲ್ಲಿನ ಬ್ಯಾಂಕಿನಲ್ಲೇ ಇರಲಿ.

ಹಣ ಎಲ್ಲಿಡಬೇಕು

ವಿದೇಶಕ್ಕೆ ಹೋದ ಮೇಲೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಹೊರಗಿರುವವರು ಇಲ್ಲಿನ ಆದಾಯ ಇಡುವ ಖಾತೆ) ಮಾಡಿಸಲೇಬೇಕು. ಹಾಗೇ ಬಿಟ್ಟವರು ಇಂದೇ ಸರಿಪಡಿಸಿ. ಅಲ್ಲಿಂದ ಕಳಿಸುವ ದುಡ್ಡು ಎನ್‌ಆರ್‌ಇ ಖಾತೆಗೆ (ಹೊರಗಿನ ಗಳಿಕೆಯನ್ನು ರೂಪಾಯಿಯಲ್ಲಿ ಇಡುವ ಖಾತೆ) ಹೋಗಲಿ, ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಎನ್‌ಆರ್‌ಒ ಬಡ್ಡಿಗಾದರೆ ಶೇ. 30ರ ಜೊತೆಗೆ ಸೆಸ್ಸನ್ನೂ ಮುರಿದುಕೊಳ್ಳುತ್ತಾರೆ. ಹೋಗುವ ಮೊದಲೇ ತೆರೆದ ಪಿಪಿಎಫ್ 15 ವರ್ಷ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯುವಂತಿಲ್ಲ. ಸುಕನ್ಯಾ ಸಮೃದ್ಧಿಯೂ ಸಿಗುವುದಿಲ್ಲ.

ಉಳಿತಾಯದ ಹೆಚ್ಚಿನ ಭಾಗ, ಶೇ. 60ರಿಂದ 70, ಇಂಡೆಕ್ಸ್ ಮ್ಯೂಚುವಲ್ ಫಂಡಿನಲ್ಲಿ (ಷೇರು ಸೂಚ್ಯಂಕದ ಕಂಪನಿಗಳಲ್ಲೇ ಹೂಡುವ ಫಂಡು) ಎಸ್‌ಐಪಿ ಆಗಿ, ಅಂದರೆ ತಿಂಗಳ ಕಂತಿನಲ್ಲಿ ಹೋಗಲಿ. ಕೆವೈಸಿಯಲ್ಲಿ ನಿಮ್ಮ ಸ್ಥಿತಿ ಎನ್‌ಆರ್‌ಐ ಎಂದೇ ಇರಬೇಕು. ಅವರವರ ಸಂಬಳ ಅವರವರ ಹೆಸರಿನಲ್ಲೇ ಹೂಡಿ. ಗಂಡ ಕೊಟ್ಟ ದುಡ್ಡನ್ನು ಹೆಂಡತಿ ಹೂಡಿದರೆ ಅದರ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ. ಇಬ್ಬರೂ ದುಡಿಯುವ ಮನೆಯಲ್ಲಿ ಆ ರಗಳೆಯೇ ಇಲ್ಲ. ಊರಿಗೆ ಬಂದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ನಿವಾಸಿಗಳಿಗೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ (ಷೇರು ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ವಿನಾಯಿತಿ ಇಲ್ಲ, ಎನ್‌ಆರ್‌ಐಗೂ ಇಲ್ಲ). ಗಂಟು ಇಬ್ಬರಲ್ಲಿ ಹಂಚಿಹೋಗಿದ್ದರೆ ಇಬ್ಬರಿಗೂ ಈ ಮಿತಿ ಬೇರೆಬೇರೆ ಸಿಗುತ್ತದೆ.

ಊರಲ್ಲಿ ಒಂದೂವರೆ ಪಟ್ಟು ಬಡ್ಡಿ ಕೊಡುತ್ತೇವೆ ಎಂದು ಕರೆಯುವ ಪತ್ತಿನ ಸಹಕಾರ ಸಂಘಗಳ ವಿಷಯದಲ್ಲಿ ಹುಷಾರು. ಬ್ಯಾಂಕು ಮುಳುಗಿದರೆ, ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬ ಠೇವಣಿದಾರನಿಗೆ 5 ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಂಘಕ್ಕೆ ಆ ವಿಮೆಯಿಲ್ಲ. ಪರಿಚಯದವರ ಚೀಟಿ, ಕೈಸಾಲದ ಬಡ್ಡಿ ಇವೂ ಅದೇ ಜಾತಿ.

ಜಮೀನಿನ ಆಸೆ

ನಂದಿಬೆಟ್ಟದ ಬುಡದಲ್ಲಿ ಫಾರ್ಮ್ ಪ್ಲಾಟು, ಶ್ರೀನಿವಾಸಪುರದಲ್ಲಿ ಮಾವಿನ ತೋಪು, ತಿಪಟೂರಿನಲ್ಲಿ ತೆಂಗು: ರಜೆಗೆ ಬಂದಾಗೆಲ್ಲ ಯಾರಾದರೂ ತೋರಿಸಲು ಕರೆದುಕೊಂಡು ಹೋಗುತ್ತಾರೆ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ ವಿದೇಶಿ ವಿನಿಮಯದ ಫೆಮಾ ಕಾನೂನು ಎನ್‌ಆರ್‌ಐಗೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು, ಹೊರಗೆ ಹೋಗುವ ಮೊದಲೇ ಕೊಂಡದ್ದು ಇಟ್ಟುಕೊಳ್ಳಬಹುದು, ಅಷ್ಟೇ. ತಪ್ಪಿದರೆ ವ್ಯವಹಾರದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. "ಸದ್ಯಕ್ಕೆ ತಮ್ಮನ ಹೆಸರಿಗೆ ಮಾಡಿಸಿ, ಬಂದ ಮೇಲೆ ನೋಡಿಕೊಳ್ಳೋಣ" ಎಂದು ನಿಮ್ಮ ದುಡ್ಡಿನಲ್ಲಿ ತಮ್ಮನ ಹೆಸರಿಗೆ ಮಾತ್ರ ಕೊಂಡರೆ ಅದು ಬೇನಾಮಿ: ಜೈಲು, ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ, ಜಮೀನೂ ಮುಟ್ಟುಗೋಲು. ತಮ್ಮನೊಡನೆ ಮಾತು ಬಿಡುವುದು ಇದರ ಮೇಲೆ ಬಡ್ಡಿ.

ತೋಟ ಬೇಕೇಬೇಕು ಅನ್ನುವವರು ಖಾಯಂ ಆಗಿ ವಾಪಸ್ಸಾದ ಮೇಲೆ ಕೊಳ್ಳಲಿ, ಅದೂ 4.25 ಕೋಟಿಯ ಹೊರಗಿನ ದುಡ್ಡಿನಲ್ಲಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟುವುದು ಸಾಮಾನ್ಯ. ನೀರು ಬಿದ್ದರೂ ಎಷ್ಟು ವರ್ಷ ನಿಲ್ಲುತ್ತದೆ ಎಂದು ಹೇಳುವವರಿಲ್ಲ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಸಂಸ್ಕರಿಸಿ ಬಿಡುವ ಕೊಳಚೆ ನೀರು) ತುಂಬುವ ಕೆರೆಯ ಆಸುಪಾಸು, ಅದಿಲ್ಲದ ಊರು, ಇವೆರಡಕ್ಕೂ ಒಂದೇ ರೇಟು ಕೊಡಬೇಡಿ.

ವಾಸಕ್ಕೆ ಸೈಟು ಅಥವಾ ಮನೆ ಕೊಳ್ಳಲು ಎನ್‌ಆರ್‌ಐಗೆ ಅಡ್ಡಿಯಿಲ್ಲ. ಭೂ ಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆ ನಕ್ಷೆ, ಇ-ಖಾತೆ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ನಾಲ್ಕನ್ನೂ ಕೈಗೆ ತೆಗೆದುಕೊಂಡು ವಕೀಲರಿಗೆ ತೋರಿಸಿದ ಮೇಲೆಯೇ ಮುಂಗಡ ಕೊಡಿ. ರಿಜಿಸ್ಟ್ರೇಷನ್ನಿಗೆ ಬರಲಾಗದಿದ್ದರೆ ಆ ಒಂದು ಸೈಟಿಗೆ ಮಾತ್ರ ಸೀಮಿತವಾದ ಪವರ್ ಆಫ್ ಅಟಾರ್ನಿಯನ್ನು ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಿ. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು.

ಹೊರಡುವ ಮೂರು ವರ್ಷ ಮೊದಲಿಂದ

ಶಾಲೆಯ ವಿಮೆ ವೀಸಾ ಜೊತೆಗೇ ಹೋಗುತ್ತದೆ. ಬಿಪಿ, ಶುಗರ್ ಇದ್ದವರಿಗೆ ಇಲ್ಲಿನ ಪಾಲಿಸಿಯಲ್ಲಿ 3 ವರ್ಷದವರೆಗೆ ಕಾಯುವ ಅವಧಿ ಇರಬಹುದು. ಆದ್ದರಿಂದ ಭಾರತದ ಆರೋಗ್ಯ ವಿಮೆಯನ್ನು ಮರಳುವ ಮೂರು ವರ್ಷ ಮೊದಲೇ ಮಾಡಿಸಿ, ಇರುವ ಕಾಯಿಲೆಯನ್ನು ಮುಚ್ಚಿಡದೆ ಬರೆಸಿ. ದೊಡ್ಡ ಚಿಕಿತ್ಸೆಗೆ ಹೇಗೂ ಬೆಂಗಳೂರಿಗೇ ಹೋಗುವವರು, ಅಲ್ಲಿನ ಆಸ್ಪತ್ರೆಯ ಬಿಲ್ಲು ಹಿಡಿದೇ ಮೊತ್ತ ಆರಿಸಿ. ಹಲ್ಲು, ಕನ್ನಡಕ, ಪೂರ್ತಿ ತಪಾಸಣೆ ಎಲ್ಲವನ್ನೂ ಅಲ್ಲಿನ ವಿಮೆ ಇರುವಾಗಲೇ ಮುಗಿಸಿಕೊಳ್ಳಿ.

ಕೊನೆಯ ಎರಡು ವರ್ಷದ ಉಳಿತಾಯದ ಒಂದು ಭಾಗ ಎಫ್‌ಸಿಎನ್‌ಆರ್ ಠೇವಣಿಗೆ (ಇಲ್ಲಿನ ಬ್ಯಾಂಕಿನಲ್ಲಿ ವಿದೇಶಿ ಕರೆನ್ಸಿಯಲ್ಲೇ ಇಡುವ ಠೇವಣಿ) ಹೋಗಲಿ. ಕಾರಣ ಇದು: ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿ ನೀವು ಖಾಯಂ ಆಗಿ ಬಂದಿಳಿದ ದಿನಕ್ಕೆ ಮುಗಿಯುತ್ತದೆ. ಎಫ್‌ಸಿಎನ್‌ಆರ್‌ನದು ನೀವು ತೆರಿಗೆ ಲೆಕ್ಕದಲ್ಲಿ 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಆಗಿರುವವರೆಗೆ ಉಳಿಯುತ್ತದೆ. 12 ವರ್ಷ ಹೊರಗಿದ್ದು, ವರ್ಷಕ್ಕೆ ಎರಡು ತಿಂಗಳ ರಜೆಗೆ ಮಾತ್ರ ಬಂದವರಿಗೆ ಈ ಸ್ಥಿತಿ ಸಾಮಾನ್ಯವಾಗಿ ಎರಡು ಆರ್ಥಿಕ ವರ್ಷ ಸಿಗುತ್ತದೆ. ಗ್ರಾಚ್ಯುಟಿಯನ್ನು ಅಲ್ಲಿನ ಖಾತೆಗೇ ಪಡೆದು, ಆಮೇಲೆ ಇಲ್ಲಿಗೆ ಕಳಿಸಿ.

ಶೈಕ್ಷಣಿಕ ವರ್ಷದ ನಡುವೆ ಬಿಟ್ಟರೆ ಕಾಂಟ್ರ್ಯಾಕ್ಟಿನಲ್ಲಿ ದಂಡದ ಷರತ್ತು ಇದೆಯೇ ನೋಡಿ. ಸಾಲ, ಕ್ರೆಡಿಟ್ ಕಾರ್ಡು ಮೊದಲು ಮುಚ್ಚಿ. ಬಾಕಿಯಿದ್ದರೆ ಕೊನೆಯ ಸಂಬಳ, ಗ್ರಾಚ್ಯುಟಿ ಖಾತೆಗೆ ಬಿದ್ದೊಡನೆ ಬ್ಯಾಂಕು ತಡೆಹಿಡಿಯಬಹುದು. ಯುಎಇಯಲ್ಲಿ ಲೆಕ್ಕ ಚುಕ್ತಾ ಮಾಡಲು ಮಾಲೀಕರಿಗೆ 14 ದಿನ ಗಡುವು. ಅನುಭವ ಪ್ರಮಾಣಪತ್ರಕ್ಕೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ ಬೀಳದೆ ವಿಮಾನ ಹತ್ತಬೇಡಿ. ಇಲ್ಲಿ ಬಂದ ಮೇಲೆ ಅದನ್ನು ಮಾಡಿಸುವುದು ದೊಡ್ಡ ಪೇಚು.

ಬಂದ ಮೇಲೆ

ಬ್ಯಾಂಕು, ಮ್ಯೂಚುವಲ್ ಫಂಡ್ ಎರಡರಲ್ಲೂ ನಿವಾಸಿ ಎಂದು ಬದಲಿಸಿ. ಎಫ್‌ಸಿಎನ್‌ಆರ್ ಅವಧಿ ಮುಗಿಯುವವರೆಗೆ ಹಾಗೇ ಇರಬಹುದು. ಗಂಟನ್ನು ಹೀಗೆ ಇಡಿ: ಮೂರು ವರ್ಷದ ಖರ್ಚು, ಸುಮಾರು 39 ಲಕ್ಷ, ಎರಡು-ಮೂರು ಬ್ಯಾಂಕಿನ ಎಫ್‌ಡಿಗಳಲ್ಲಿ, ಮುಂದಿನ ಏಳು ವರ್ಷದ್ದು, 90 ಲಕ್ಷ, ಬಾಂಡು ಮತ್ತು ಸಾಲಪತ್ರ ಫಂಡುಗಳಲ್ಲಿ, ಉಳಿದದ್ದು ಷೇರು ಫಂಡಿನಲ್ಲಿ. ಪೇಟೆ ಬಿದ್ದಾಗ ರಾತ್ರಿ ನಿದ್ದೆ ಬಾರದವರು ಷೇರಿನ ಪಾಲನ್ನು ಅರ್ಧಕ್ಕೆ ಇಳಿಸಿ, ಅದಕ್ಕೆ ತಕ್ಕಂತೆ ಇನ್ನೊಂದು ವರ್ಷ ಹೆಚ್ಚು ದುಡಿದು ಬನ್ನಿ. ಪ್ರತಿ ಏಪ್ರಿಲ್‌ನಲ್ಲಿ ಒಂದು ವರ್ಷದ ಖರ್ಚನ್ನು ಷೇರಿನಿಂದ ಎಫ್‌ಡಿಗೆ ತನ್ನಿ. ಪೇಟೆ ಬಿದ್ದ ವರ್ಷ ತರಬೇಡಿ, ಎಫ್‌ಡಿಯಲ್ಲೇ ತಿನ್ನಿ.

ಈ ಲೆಕ್ಕಕ್ಕೆ ಬಹಳ ದೊಡ್ಡ ಪೆಟ್ಟು ಬೀಳುವುದು ಮೊದಲ ಐದು ವರ್ಷದಲ್ಲಿ ಪೇಟೆ ಕುಸಿದರೆ. ಮೇಷ್ಟ್ರಿಗೆ ಅಲ್ಲೊಂದು ಅನುಕೂಲ ಇದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಗಣಿತವೋ ಇಂಗ್ಲಿಷೋ ಸಂಜೆ ಟ್ಯೂಷನ್ ಹೇಳಿ ತಿಂಗಳಿಗೆ 25,000 ಬಂದರೆ ಐದು ವರ್ಷಕ್ಕೆ 15 ಲಕ್ಷ. ಕುಸಿದ ವರ್ಷದಲ್ಲಿ ಷೇರು ಮಾರದೆ ಕಾಯಲು ಅಷ್ಟು ಆಸರೆ ಸಾಕಾಗುತ್ತದೆ.